ಹರಾಮ್ ಅಂದ ಮೇಲೆ ಮುಂದಿನ ಮಾತನ್ನೂ ಹೇಳಿ

"ನಮ್ಮಲ್ಲಿ ದತ್ತು ಹರಾಮಲ್ಲವಾ?" ಮಗುವೊಂದನ್ನು ದತ್ತು ಪಡೆಯಲು ನಾನೂ ನನ್ನ ಹೆಂಡತಿಯೂ ಅರ್ಜಿ ಹಾಕಿದ್ದೇವೆ ಎಂದು ಗೊತ್ತಾದ ದಿನದಿಂದ ಉಪ್ಪಳ, ಕುಂಬಳೆಯ ನೆಂಟರೆಲ್ಲ ಕೇಳುತ್ತಿರುವ ಪ್ರಶ್ನೆ ಇದು. ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಒಂದು ಪದ ಹೇಳಿ ಎದ್ದು ಹೋದರೆ ದೀನಿನ ಕೆಲಸ ಮುಗಿಯಿತು ಎಂಬ ಭಾವನೆ.

ಮುಗಿಯುವುದಿಲ್ಲ. ಸೂರಾ ಅಹ್‌ಝಾಬಿನ 4 ಮತ್ತು 5ನೇ ಆಯತ್ತುಗಳು ತಡೆದದ್ದು ಸಾಕುವುದನ್ನಲ್ಲ, ಮಗುವಿನ ನಸಬ್ ಅಳಿಸುವುದನ್ನು. ಸಾಕಿದವನು ಹೆತ್ತವನೆಂದು ಸುಳ್ಳು ಹೇಳಬಾರದು, ಅಷ್ಟೇ. ತಂದೆ ಯಾರೆಂದು ಗೊತ್ತಿಲ್ಲದ ಮಕ್ಕಳನ್ನು ಧರ್ಮದ ಸಹೋದರರೆಂದು ಕಾಣಲು ಅಲ್ಲೇ ಆದೇಶವಿದೆ. ಝೈದ್ ಬಿನ್ ಮುಹಮ್ಮದ್ ಎನಿಸಿಕೊಂಡಿದ್ದವರು ಮತ್ತೆ ಝೈದ್ ಬಿನ್ ಹಾರಿಸ ಆದರು. ಹೆಸರು ಬದಲಾಯಿತು, ಪ್ರವಾದಿ(ಸ)ಯವರ ಪ್ರೀತಿ ಬದಲಾಗಲಿಲ್ಲ. ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಅಜ್ಜನ, ಆಮೇಲೆ ಚಿಕ್ಕಪ್ಪ ಅಬೂತಾಲಿಬರ ಮನೆಯಲ್ಲಿ ಬೆಳೆದವರು ಅವರು. ಅವರ ಉಮ್ಮತ್ತಿಗೆ ಯತೀಮ್ ಮಗು ಮನೆಯೊಳಗೆ ಬರುವುದೇ ಹರಾಮಾಗಿ ಕಂಡರೆ ತಪ್ಪು ಕಿತಾಬಿನಲ್ಲಿಲ್ಲ, ನಮ್ಮ ಓದಿನಲ್ಲಿದೆ.

ಇನ್ನು ದೊಡ್ಡ ಇಬ್ಬಂದಿತನ ಕೇಳಿ. ಹರಾಮ್ ಎನ್ನುವ ಇದೇ ಬಾಯಿಗಳು, ಬಡ ನೆಂಟರ ಮಗುವನ್ನು ರಾತ್ರೋರಾತ್ರಿ ತಂದು, ತಾವೇ ಹೆತ್ತದ್ದೆಂದು ಜನನ ಪ್ರಮಾಣಪತ್ರ ಮಾಡಿಸಿದವರ ಬಗ್ಗೆ ಸುಮ್ಮನಿರುತ್ತವೆ. ನಸಬ್ ಅಳಿಸುವುದೆಂದರೆ ಅದೇ ಅಲ್ಲವೇ? ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಂತೆ, ಕ್ರಮ ತಪ್ಪಿಸಿ ಮಗುವನ್ನು ದತ್ತು ಕೊಡುವುದಕ್ಕೂ ಪಡೆಯುವುದಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ ಅಥವಾ ಎರಡೂ ಇದೆ. ದುಡ್ಡು ಕೈ ಬದಲಾದರೆ ಶಿಕ್ಷೆ ಇನ್ನೂ ಹೆಚ್ಚು.

"ಯತೀಂಖಾನದಿಂದ ಒಂದು ಮಗು ತಂದುಬಿಡಿ" ಎನ್ನುವವರೂ ಇದ್ದಾರೆ. ಮಲಬಾರ್ ದಂಗೆಯ ಬೆನ್ನಿಗೇ 1922ರಲ್ಲಿ ಕೋಝಿಕ್ಕೋಡಿನಲ್ಲಿ ಜೆಡಿಟಿ ಹುಟ್ಟಿದ್ದರಿಂದ ಹಿಡಿದು ಯತೀಂಖಾನಗಳ ಋಣ ನಮ್ಮ ಮೇಲಿದೆ. ಆದರೆ ಅಲ್ಲಿರುವ ಎಷ್ಟೋ ಮಕ್ಕಳಿಗೆ ಉಮ್ಮ ಇದ್ದಾರೆ, ಇಲ್ಲದ್ದು ಅನ್ನ. ಆ ಉಮ್ಮನಿಗೆ ತಿಂಗಳ ಖರ್ಚು ಕೊಟ್ಟರೆ ಮಗು ಅವರ ಮಡಿಲಲ್ಲೇ ಬೆಳೆದೀತು. ನಾವು ಮಾಡುವುದು ಮಗಳ ಮದುವೆಗೆ ಅಲ್ಲಿಗೊಂದು ಹೊತ್ತಿನ ನೈಚೋರು ಕಳಿಸಿ ಫೋಟೊ ತೆಗೆಸಿಕೊಳ್ಳುವುದು. ದತ್ತು ಕೊಡಬಹುದಾದದ್ದು ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ಮಾಡಿ ಮುಕ್ತವೆಂದು ಘೋಷಿಸಿದ ಮಗುವನ್ನು ಮಾತ್ರ. ಹೆತ್ತವರೇ ಒಪ್ಪಿಸಿದ್ದರೂ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಸಮಯವಿದೆ.

ಕಾನೂನು ಮುಸ್ಲಿಮರಿಗಿಲ್ಲ ಎಂಬುದೂ ಸುಳ್ಳು. 2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳ: ಬಾಲನ್ಯಾಯ ಕಾಯ್ದೆಯ ಬಾಗಿಲು ಎಲ್ಲ ಧರ್ಮದವರಿಗೂ ತೆರೆದಿದೆ, ಒಳಗೆ ಬರಲೇಬೇಕೆಂಬ ಬಲವಂತ ಯಾರಿಗೂ ಇಲ್ಲ. ದಂಪತಿ ಎರಡು ವರ್ಷವಾದರೂ ಸಂಸಾರ ಮಾಡಿರಬೇಕು. ಎರಡು ವರ್ಷದೊಳಗಿನ ಮಗು ಬೇಕೆಂದರೆ ಇಬ್ಬರ ವಯಸ್ಸು ಕೂಡಿದರೆ 85 ಮೀರಬಾರದು. ಕಾರಾ ಪೋರ್ಟಲಿನಲ್ಲಿ ನೋಂದಣಿ, ಆಮೇಲೆ ಮನೆಗೆ ಬಂದು ತನಿಖೆ, ಆಮೇಲೆ ವರ್ಷಗಟ್ಟಲೆ ಕಾಯುವುದು. ಕಂಕುಳಮಗುವಿಗೆ ಉದ್ದ ಸಾಲು. ದೊಡ್ಡ ಮಕ್ಕಳೂ ಅಂಗವಿಕಲ ಮಕ್ಕಳೂ ಮನೆಗಾಗಿ ಕಾಯುತ್ತಲೇ ಇರುತ್ತಾರೆ.

"ಮಹ್ರಮ್ ಆಗುವುದು ಹೇಗೆ, ಆಸ್ತಿ ಯಾರಿಗೆ?" ಈ ಪ್ರಶ್ನೆಗಳು ನ್ಯಾಯವಾದವು, ಉತ್ತರವೂ ಇದೆ. ನಮ್ಮ ಶಾಫಿ ಮದ್‌ಹಬಿನಲ್ಲಿ ಎರಡು ವರ್ಷದೊಳಗೆ ಐದು ಸಲ ಹಾಲುಣಿಸಿದರೆ ಹಾಲಿನ ಸಂಬಂಧ ನಿಲ್ಲುತ್ತದೆ. ಗಂಡುಮಗುವಿಗೆ ಹೆಂಡತಿಯ ತಂಗಿಯೋ ಹೆಣ್ಣುಮಗುವಿಗೆ ಗಂಡನ ತಂಗಿಯೋ ಹಾಲು ಕೊಟ್ಟರೂ ಸಾಕು. ಶರೀಅತ್ತಿನ ವಾರಸು ಪಾಲು ಸಾಕುಮಗುವಿಗಿಲ್ಲ, ನಿಜ. ಮೂರನೇ ಒಂದು ಭಾಗದವರೆಗೆ ವಸಿಯತ್ ಮಾಡಬಹುದು, ಬದುಕಿರುವಾಗಲೇ ಹಿಬಾ ಕೊಡಬಹುದು. ಹಾಗಾಗಿ "ಆಸ್ತಿ ಹೊರಗೆ ಹೋಗುತ್ತದೆ" ಎನ್ನುವ ಭಯಕ್ಕೆ ದೀನಿನ ಹೆಸರಿಡಬೇಡಿ. ಅದು ತೋಟದ ಲೆಕ್ಕ.

ದತ್ತು ಆದೇಶವಾದ ಮೇಲೆ ಪ್ರಮಾಣಪತ್ರದಲ್ಲಿ ಸಾಕಿದವರ ಹೆಸರು ಬರುತ್ತದೆ. ಇದು ಮನಸ್ಸಿಗೆ ಒಗ್ಗದವರು ಅದೇ ಕಾಯ್ದೆಯ 44ನೇ ಕಲಮಿನ ಪೋಷಕ ಆರೈಕೆಗೆ ಅರ್ಜಿ ಹಾಕಲಿ, ಇಲ್ಲವೇ 1890ರ ಕಾಯ್ದೆಯಡಿ ಪಾಲಕರಾಗಲಿ. ನಾವು ದತ್ತನ್ನೇ ಆರಿಸಿದ್ದೇವೆ, ಏಕೆಂದರೆ 18 ತುಂಬಿದೊಡನೆ ಕಾಗದದಲ್ಲಿ ಮುಗಿದುಹೋಗುವ ಸಂಬಂಧ ನಮಗೆ ಬೇಡ. ಅಲ್ಲಿ ಮುಚ್ಚಿಡುವುದೂ ಏನಿಲ್ಲ. ಮಗುವಿನ ಕಡತ ಉಳಿಯುತ್ತದೆ, ದೊಡ್ಡದಾದ ಮೇಲೆ ಮೂಲ ಹುಡುಕಲು ನಿಯಮದಲ್ಲೇ ದಾರಿಯಿದೆ. ಮಾತು ಬರುವ ವಯಸ್ಸಿನಿಂದಲೇ ಮಗುವಿಗೆ ನಿಜ ಹೇಳುತ್ತೇವೆ. ನಾವು ಹೇಳದಿದ್ದರೆ ಯಾವುದಾದರೂ ಮದುವೆ ಮನೆಯಲ್ಲಿ ಇನ್ಯಾರೋ ಹೇಳುತ್ತಾರೆ.

ಆದ್ದರಿಂದ ಉಸ್ತಾದರಲ್ಲಿ, ಜಮಾಅತ್ ಕಮಿಟಿಯವರಲ್ಲಿ ನನ್ನ ಕೇಳಿಕೆ: ಒಂದು ಶುಕ್ರವಾರ ಈ ವಿಷಯ ತೆಗೆಯಿರಿ. ನಸಬ್ ಅಳಿಸುವುದು ಹರಾಮ್ ಎಂದು ಗಟ್ಟಿಯಾಗಿ ಹೇಳಿ. ಅದೇ ಉಸಿರಿನಲ್ಲಿ ಯತೀಮನ್ನು ಮನೆಗೆ ತಂದು ಸಾಕುವುದು ಎಷ್ಟು ದೊಡ್ಡ ಕೂಲಿಯ ಕೆಲಸ ಎಂಬುದನ್ನೂ ಹೇಳಿ. ನಮ್ಮ ಮಗು ಬಂದ ದಿನ ನೋಡಲು ಬರುವ ನೆಂಟರು ಆ ಎರಡನೆಯ ಮಾತನ್ನು ಕೇಳಿಸಿಕೊಂಡು ಬರಲಿ.