ಕೂದಲು ಉದುರಿದರೆ ನೀರನ್ನೇ ದೂರಬೇಡಿ

ಮೊನ್ನೆ ಶಿಡ್ಲಘಟ್ಟದ ಕಡೆಯ ತಾಯಿಯೊಬ್ಬರು ಪಿಯುಸಿ ಓದುವ ಮಗಳನ್ನು ಕರೆತಂದಿದ್ದರು. ಕೈಯಲ್ಲೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಒಂದು ಹಿಡಿ ಕೂದಲು! ‘ಒಂದೇ ದಿನಕ್ಕೆ ಇಷ್ಟು ಬಂತು ಸಾರ್. ಎಲ್ಲ ಬೋರ್‌ವೆಲ್ ನೀರಿನ ಕಾಟ. ನಾಲ್ಕು ಥರ ಎಣ್ಣೆ ಹಚ್ಚಿದ್ದಾಯಿತು’ ಎಂದರು. ಮಗಳು ತಲೆ ಎತ್ತಲಿಲ್ಲ. ಗೆಳತಿಯರು ಆಡಿಕೊಳ್ಳುತ್ತಾರೆಂದು ಹದಿನೈದು ದಿನದಿಂದ ಕಾಲೇಜಿಗೇ ಹೋಗಿಲ್ಲವಂತೆ.

‘ಮೂರು ತಿಂಗಳ ಹಿಂದೆ ಏನಾದರೂ ಜ್ವರ ಬಂದಿತ್ತೇನಮ್ಮ?’ ಎಂದು ಕೇಳಿದೆ. ತಾಯಿಗೆ ಆಶ್ಚರ್ಯ. ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದಳಂತೆ.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಹತ್ತರಲ್ಲಿ ಒಂಬತ್ತು ಪಾಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ವಿಶ್ರಾಂತಿ ಮುಗಿಸಿದವು ದಿನಕ್ಕೆ 50ರಿಂದ 100ರವರೆಗೆ ಉದುರುವುದು ಸಹಜ. ಟೈಫಾಯ್ಡ್, ಡೆಂಗಿ, ಕೋವಿಡ್‌ನಂತಹ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಊಟ ಬಿಟ್ಟು ದಿಢೀರನೆ ತೂಕ ಇಳಿಸುವುದು ದೇಹಕ್ಕೆ ದೊಡ್ಡ ಪೆಟ್ಟು. ಆಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ನೀರು ಮತ್ತು ಶಾಂಪೂ ಕಣ್ಣಿಗೆ ಬೀಳುತ್ತವೆ. ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಜಡೆ ಮೊದಲಿನಂತಾಗಲು ತಾಳ್ಮೆ ಬೇಕು.

ಹಾಗಾದರೆ ನೀರಿನದೇನೂ ತಪ್ಪಿಲ್ಲವೇ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ಕಡೆ ಕೊಳವೆಬಾವಿ ನೀರು ಗಡಸು. ಫ್ಲೋರೈಡ್ ಕೂಡ ಹೆಚ್ಚು. ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಆದ್ದರಿಂದ ಕುಡಿಯಲು ಶುದ್ಧೀಕರಿಸಿದ ನೀರೇ ಬೇಕು. ಗಡಸು ನೀರಿನಲ್ಲಿ ಸೋಪು ನೊರೆ ಬಾರದೆ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಕೂದಲು ಒರಟಾಗಿ, ಸಿಕ್ಕುಗಟ್ಟಿ, ನಡುವೆ ತುಂಡಾಗುತ್ತದೆ. ಬಿದ್ದ ಕೂದಲಿನ ತುದಿ ನೋಡಿ. ಬಿಳಿಯ ಪುಟ್ಟ ಗಂಟಿದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದಿದ್ದರೆ ತುಂಡಾದದ್ದು. ಕೊನೆಯ ಎರಡು ಚೊಂಬು ಮಳೆನೀರೋ ಫಿಲ್ಟರ್ ನೀರೋ ಹಾಕಿಕೊಂಡರೆ ತುಂಡಾಗುವುದು ಕಡಿಮೆಯಾಗುತ್ತದೆ.

ಹುಡುಗಿಯ ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟೂವರೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ. ಕಬ್ಬಿಣದ ಅಂಶ ಸಾಲದಿದ್ದರೆ ಕೂದಲು ಸೊರಗುತ್ತದೆ, ಓದಿದ್ದೂ ತಲೆಗೆ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯದೆ, ಊಟವಾದ ಮೇಲೆ ನುಂಗಿ. ಮುದ್ದೆಯ ಜೊತೆ ಮಸ್ಸೊಪ್ಪು, ಹುರುಳಿ ಬಸ್ಸಾರು, ನುಗ್ಗೆಸೊಪ್ಪು, ಮೊಟ್ಟೆ ಇರಲಿ. ಮೇಲೆ ನಿಂಬೆ ಹಿಂಡಿಕೊಳ್ಳಿ ಅಥವಾ ಒಂದು ಸೀಬೆಹಣ್ಣು ತಿನ್ನಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಬೇಡ.

ಬಿಗಿಯಾಗಿ ಎಳೆದು ಜಡೆ ಹಾಕಿದರೂ ಹಣೆಯಂಚಿನ ಕೂದಲು ಹೋಗುತ್ತದೆ. ನಾಣ್ಯದಗಲ ನುಣ್ಣಗಾದರೆ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡಕ್ಕೆ ತಿರುಗಿಬಿದ್ದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಹೊಟ್ಟು, ತುರಿಕೆಯೂ ಇದ್ದರೆ ಶಿಲೀಂಧ್ರದ ಸೋಂಕಿರಬಹುದು. ಎರಡಕ್ಕೂ ಚರ್ಮವೈದ್ಯರೇ ಬೇಕು. ಹುಡುಗರಿಗೆ ಹಣೆಯ ಎರಡೂ ಬದಿ ಹಿಂದಕ್ಕೆ ಸರಿಯುವುದು ವಂಶಪಾರಂಪರ್ಯ. ಅದು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಇದನ್ನು ಬೇಗ ತೋರಿಸಿದರೆ ತಡೆಯಲು ಔಷಧಿಯಿದೆ, ಬಿಟ್ಟರೆ ಮತ್ತೆ ಉದುರುತ್ತದೆ. ತಿರುಪತಿಯಲ್ಲಿ ಮುಡಿ ಕೊಡುವುದು ಭಕ್ತಿಯ ಮಾತು. ಬೋಳಿಸಿದರೆ ಕೂದಲು ದಟ್ಟವಾಗುತ್ತದೆ ಎಂಬುದು ಮಾತ್ರ ನಿಜವಲ್ಲ. ಕತ್ತಿ ಬೇರನ್ನು ಮುಟ್ಟುವುದೇ ಇಲ್ಲ.

ಆ ಹುಡುಗಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಹೊಸ ಎಣ್ಣೆ ಯಾವುದೂ ಬೇಡ ಎಂದೆ. ಹೊರಡುವಾಗ ‘ಕೂದಲು ತಾನಾಗಿ ಬರುತ್ತೆ ಕಣಮ್ಮ, ತಪ್ಪಿದ ಪಾಠ ತಾನಾಗಿ ಬರಲ್ಲ. ಸೋಮವಾರವೇ ಕಾಲೇಜಿಗೆ ಹೋಗು’ ಎಂದೆ. ಆಗ ಮೊದಲ ಸಲ ತಲೆ ಎತ್ತಿ ನಕ್ಕಳು.