ಕರ್ಮಕ್ಕೆ ಈಗ ಲಾಗಿನ್ ಐಡಿ ಬಂದಿದೆ



ಸ್ವಲ್ಪ ಉದ್ದದ ಪೋಸ್ಟ್ ಇದು. ಮನೇಲಿ ಡಿಗ್ರಿ ಓದೋ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ಮೊದಲು ಒಂದು ಪ್ರಶ್ನೆ. ನಾನು ಕೇಳ್ತಿರೋದಲ್ಲ, ನಮ್ಮ ಮಕ್ಕಳಿಗೆ ಕೇಳಿದ್ದು. "ಅಭ್ಯರ್ಥಿ ಸಂದರ್ಶನದಲ್ಲಿ ಆಯ್ಕೆ ಆಗದಿರಲು ಕಾರಣವೇನು? ಎ) ತಯಾರಿಯ ಕೊರತೆ. ಬಿ) ಆತ್ಮವಿಶ್ವಾಸದ ಕೊರತೆ. ಸಿ) ದೇಹಭಾಷೆಯ ದೋಷ. ಡಿ) ಮೇಲಿನ ಎಲ್ಲವೂ." ಸರಿ ಉತ್ತರ ಡಿ. ಐದನೇ ಆಯ್ಕೆ ಇಲ್ಲ. ಎದುರಿಗೆ ಕೂತು ಸಂದರ್ಶನ ಮಾಡೋರಲ್ಲೂ ಏನಾದರೂ ದೋಷ ಇರಬಹುದು ಅನ್ನೋ ಆಯ್ಕೆ ಇಲ್ಲ.

ಈ ಪ್ರಶ್ನೆ ಬಂದಿದ್ದು ಕಾಲೇಜು ಮತ್ತು ವೃತ್ತಿ ಯಶಸ್ಸಿನ ಬಗ್ಗೆ ಒಂದು ಆನ್‌ಲೈನ್ ಕೋರ್ಸಿನ ಮೂರನೇ ವಾರದಲ್ಲಿ. ಎಂಟು ವಾರದ ಕೋರ್ಸು, ಒಬ್ಬರಿಗೆ 2,400 ರೂಪಾಯಿ. ಕೊನೇ ವರ್ಷದವರೆಲ್ಲ ಇದನ್ನು ಮಾಡಲೇಬೇಕು ಅಂತ ನಮ್ಮ ಕಡೆಯ ಒಂದು ಕಾಲೇಜು ಹೇಳಿದೆ. ಹೇಳಿದ್ದು ಬಾಯಿಮಾತಲ್ಲಿ. ಕಾಗದದ ಮೇಲೆ ಒಂದು ಸಾಲಿನ ಆದೇಶವೂ ಇಲ್ಲ. ನಮ್ಮ ಕೇರಿಯ ಆರು ಮಕ್ಕಳು ದುಡ್ಡು ಕಟ್ಟಿದ್ದಾರೆ. ಆರು ಮಕ್ಕಳಿಗೆ ನೆಟ್ಟಗೆ ಕೆಲಸ ಮಾಡೋ ಫೋನು ಮೂರು. ಸಂಜೆ ಆಫೀಸು ಮುಗಿಸಿ ಅಂಬೇಡ್ಕರ್ ಭವನದಲ್ಲಿ ಅವರ ಜೊತೆ ನಾನೂ ಕೂತೆ. ದುಡ್ಡು ಕಟ್ಟಿ ನನ್ನ ಹೆಸರಲ್ಲೂ ಒಂದು ಲಾಗಿನ್ ತಗೊಂಡೆ. ಎಂಟೂ ವಾರ ಮುಗಿಸಿದೆ. ನೂರಕ್ಕೆ 87 ಬಂದಿದೆ, ಸರ್ಟಿಫಿಕೇಟೂ ಬಂದಿದೆ. ಹಾಗಾಗಿ 'ನೋಡದೇನೇ ಮಾತಾಡ್ತಾನೆ' ಅಂತ ಯಾರೂ ಹೇಳಂಗಿಲ್ಲ.

ನಾನು ಹೇಳೋದು ಇಷ್ಟೆ. ಈ ಕೋರ್ಸು ಗೆಲ್ಲೋದು ಹೇಗೆ ಅಂತ ಕಲಿಸಲ್ಲ, ಸೋತಾಗ ಯಾರನ್ನು ಬೈಕೋಬೇಕು ಅಂತ ಕಲಿಸುತ್ತೆ. ನಮ್ಮ ಅಜ್ಜಂದಿರಿಗೆ 'ಹೋದ ಜನ್ಮದ ಪಾಪ, ಈ ಜನ್ಮದಲ್ಲಿ ಅನುಭವಿಸು' ಅಂದಿದ್ದರು. ಅದಕ್ಕೆ ಕರ್ಮ ಅಂತ ಹೆಸರು. ಈಗ ಮೊಮ್ಮಕ್ಕಳಿಗೆ 'ನಿನ್ನ ಮೈಂಡ್‌ಸೆಟ್ ಸರಿಯಿಲ್ಲ, ಬದಲಾಯಿಸ್ಕೋ' ಅಂತಿದ್ದಾರೆ. ಎರಡರಲ್ಲೂ ತಪ್ಪು ನಿನ್ನದೇ, ವ್ಯವಸ್ಥೆ ಹಾಲಿನಷ್ಟು ಬಿಳಿ. ಅದಕ್ಕೆ ದಕ್ಷಿಣೆ ಇತ್ತು, ಇದಕ್ಕೆ ಜಿಎಸ್‌ಟಿ. ಅಷ್ಟೇ ವ್ಯತ್ಯಾಸ.

ಒಂದೊಂದೇ ಪಾಠ ತಗೊಳ್ಳೋಣ.

ಸಮಯ ಪಾಲನೆಯ ಪಾಠ. ಬೆಳಗಿನ ಜಾವ ಐದಕ್ಕೆ ಏಳಬೇಕಂತೆ. ದಿನದ ಕೆಲಸಗಳನ್ನು ನಾಲ್ಕು ಚೌಕ ಬರೆದು ಹಂಚಬೇಕಂತೆ: ಯಾವುದು ತುರ್ತು, ಯಾವುದು ಮುಖ್ಯ, ಯಾವುದನ್ನು ಬೇರೆಯವರಿಗೆ ವಹಿಸಬೇಕು, ಯಾವುದನ್ನು ಬಿಡಬೇಕು. ಆರು ಮಕ್ಕಳಲ್ಲಿ ಒಬ್ಬಳ ತಾಯಿ ಪೌರಕಾರ್ಮಿಕರು. ನಾಲ್ಕೂವರೆಗೇ ಎದ್ದು ಪೊರಕೆ ಹಿಡಿದು ಹೊರಡ್ತಾರೆ. ಬೇಗ ಏಳೋದರಿಂದಲೇ ಉದ್ಧಾರ ಆಗೋದಾದರೆ ಈ ದೇಶದ ಪೌರಕಾರ್ಮಿಕರೆಲ್ಲ ಇಷ್ಟೊತ್ತಿಗೆ ಕಂಪನಿ ಮಾಲೀಕರಾಗಿರಬೇಕಿತ್ತು! ತಾಯಿ ಹೊರಟ ಮೇಲೆ ನಲ್ಲಿ ನೀರು ಹಿಡಿಯೋದು, ಅಡುಗೆ ಮಾಡೋದು, ತಮ್ಮನ್ನ ಶಾಲೆಗೆ ಕಳಿಸೋದು ಈ ಹುಡುಗಿ. ಇದನ್ನ ಯಾರಿಗೆ ವಹಿಸಬೇಕು ಸ್ವಾಮಿ? ಅವಳಿಗೆ ಬೇಕಿರೋದು ಚೌಕ ಅಲ್ಲ, ಹಾಸ್ಟೆಲ್ ಸೀಟು.

ಕವಿ ಸಿದ್ದಲಿಂಗಯ್ಯನವರು ಓದಿದ್ದು ಬೆಂಗಳೂರಿನ ಶ್ರೀರಾಮಪುರದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್‌ನಲ್ಲಿ. 'ಊರುಕೇರಿ' ಓದಿದವರಿಗೆ ಗೊತ್ತು, ಆ ಹಾಸ್ಟೆಲ್ ಇಲ್ಲದಿದ್ದರೆ ಏನಾಗ್ತಿತ್ತು ಅಂತ. ಪ್ರತಿಭೆ ಅವರದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಪ್ರತಿಭೆಗೆ ಎರಡು ಹೊತ್ತು ಊಟ, ಮಲಗೋಕೆ ಜಾಗ, ಓದೋಕೆ ದೀಪ ಬೇಕು. ನಮ್ಮಲ್ಲಿ ಮೇಷ್ಟ್ರು, ಗುಮಾಸ್ತ, ಡಾಕ್ಟರ್ ಆದ ಒಂದು ತಲೆಮಾರನ್ನ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಹಾಸ್ಟೆಲ್ ಹೆಸರು ಹೇಳ್ತಾರೆ. ಮೈಂಡ್‌ಸೆಟ್ ಅಂತ ಒಬ್ಬರೂ ಹೇಳಲ್ಲ.

ನೆಟ್‌ವರ್ಕಿಂಗ್ ಪಾಠ. 'ಯಶಸ್ವಿ ಜನರ ಸಂಪರ್ಕ ಬೆಳೆಸಿಕೊಳ್ಳಿ' ಅಂತಾರೆ. ಬಲಾಢ್ಯ ಜಾತಿಗಳಿಗೆ ಮಠ ಇದೆ, ಮಠಕ್ಕೆ ಇಂಜಿನಿಯರಿಂಗ್ ಕಾಲೇಜಿದೆ, ಸಹಕಾರಿ ಬ್ಯಾಂಕಿದೆ. ಮಾವನ ಕಂಪನಿ, ಚಿಕ್ಕಪ್ಪನ ಶಿಫಾರಸು. ಅವರು ಮಾಡಿದರೆ ಅದು ನೆಟ್‌ವರ್ಕಿಂಗ್. ನಾವು ನಾಲ್ಕು ಜನ ಸೇರಿ ಏಪ್ರಿಲ್ 14 ಮಾಡಿದರೆ 'ಏನ್ರೀ, ಆಫೀಸಲ್ಲೂ ಜಾತಿ ಮಾಡ್ತೀರಾ?'

ಇನ್ನು ರೆಸ್ಯೂಮೆ ಮತ್ತು ಸಂದರ್ಶನದ ಪಾಠ. ಇಲ್ಲಿ ಸ್ವಲ್ಪ ನಿಲ್ಲಬೇಕು.

ರೆಸ್ಯೂಮೆಯ ತಲೆ ಮೇಲೆ ಹೆಸರು, ವಿಳಾಸ ಸ್ಪಷ್ಟವಾಗಿ ಬರೀಬೇಕು ಅಂತ ಕೋರ್ಸು ಹೇಳುತ್ತೆ. ನಮ್ಮ ಹುಡುಗ ಬರೆದ. ಎ.ಕೆ. ಕಾಲೋನಿ. ಮುಗೀತಲ್ಲ? ಊರಿನ ಯಾವ ದಿಕ್ಕಿಗೆ ಮನೆ ಇದೆ, ಯಾವ ಬಾವಿ ನೀರು ಕುಡಿದ ವಂಶ, ಎಲ್ಲಾ ಆ ಎರಡು ಅಕ್ಷರ ಹೇಳ್ತವೆ. ಉತ್ತರದವರ ಹಾಗೆ ನಮ್ಮಲ್ಲಿ ಜಾತಿ ಸರ್‌ನೇಮ್ ಕಮ್ಮಿ. ಅದಕ್ಕೇ ಇಲ್ಲಿ ಬೇರೆ ದಾರಿ: 'ಯಾವ ಕಡೆಯವರು? ಯಾವ ಪೈಕಿ? ಮನೆದೇವರು ಯಾವುದು? ನೀವು ವೆಜ್ಜಾ?' ನಗುನಗುತ್ತಲೇ ಕೇಳ್ತಾರೆ.

ಇದು ನನ್ನ ಹೊಟ್ಟೆಯುರಿ ಮಾತಲ್ಲ. ಪ್ರೊ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿ ಕಳಿಸಿದರು. ಬದಲಾಯಿಸಿದ್ದು ಹೆಸರು ಮಾತ್ರ: ಮೇಲ್ಜಾತಿ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು. 2007ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಫಲಿತಾಂಶ ಬಂತು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಗಮನಿಸಿ, ಇಲ್ಲಿ ಇನ್ನೂ ಯಾರೂ ಯಾರ ಮುಖವನ್ನೂ ನೋಡಿಲ್ಲ. ದೇಹಭಾಷೆ ಎಲ್ಲಿ ಬಂತು? ಲಕೋಟೆಗೆ ದೇಹಭಾಷೆ ಇರುತ್ತಾ?

ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದಿಲ್ಲಿ ಸುತ್ತಲಿನ ಕಂಪನಿಗಳಲ್ಲಿ ಕೆಲಸಕ್ಕೆ ತಗೊಳ್ಳೋ ಅಧಿಕಾರಿಗಳನ್ನೇ ಮಾತಾಡಿಸಿ ಬರೆದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಮೆರಿಟ್. ಆದರೆ ಸಂದರ್ಶನದಲ್ಲಿ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳೋದನ್ನ ಬಿಟ್ಟಿರಲಿಲ್ಲ. ನಮ್ಮ ಕೋರ್ಸಿನಲ್ಲೂ ಆ ಪ್ರಶ್ನೆ ಇದೆ. ಮಾದರಿ ಉತ್ತರವೂ ಇದೆ: 'ನನ್ನ ತಂದೆ ಬ್ಯಾಂಕ್ ಮ್ಯಾನೇಜರ್, ಅವರಿಂದ ಶಿಸ್ತು ಕಲಿತೆ.' ಪೌರಕಾರ್ಮಿಕರ ಮಗಳಿಗೆ ಮಾದರಿ ಉತ್ತರ ಬರೆದಿಲ್ಲ. ಅವಳು ಈ ಕೋರ್ಸಿಗೆ ಬರ್ತಾಳೆ ಅಂತ ಅದನ್ನ ಬರೆದವರು ಅಂದ್ಕೊಂಡೇ ಇಲ್ಲ. ದುಡ್ಡು ಮಾತ್ರ ಅವಳ ಹತ್ತಿರವೂ ಇಸ್ಕೊಂಡಿದ್ದಾರೆ.

ಬಾಬಾಸಾಹೇಬರ ಬದುಕನ್ನೇ ಈ ಕೋರ್ಸಿನ ಅಳತೆಗೋಲಲ್ಲಿ ಅಳೀರಿ. 1913ರಲ್ಲಿ ಬರೋಡ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯ, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. 1917ರಲ್ಲಿ ಸಂಸ್ಥಾನದ ಕರಾರಿನಂತೆ ಬರೋಡಕ್ಕೆ ಕೆಲಸಕ್ಕೆ ಬಂದರು. ಅಂದಿನ ಭಾರತದಲ್ಲಿ ಅದಕ್ಕಿಂತ ದೊಡ್ಡ ರೆಸ್ಯೂಮೆ ಎಷ್ಟು ಜನರ ಹತ್ತಿರ ಇತ್ತು? ಗುರಿ ಇತ್ತು. ಇಂಗ್ಲಿಷ್ ಇತ್ತು. ಸೂಟು ಬೂಟೂ ಇತ್ತು. ಆತ್ಮವಿಶ್ವಾಸದ ಬಗ್ಗೆ ಹೇಳಬೇಕಾ?

ಏನಾಯ್ತು? ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆದರು. ಕುಡಿಯೋಕೆ ನೀರು ಸಿಗಲಿಲ್ಲ. ಬಾಡಿಗೆಗೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿದರೆ, ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರು ಅವತ್ತು ಒಂದು ಮರದ ಕೆಳಗೆ ಕೂತು ಅತ್ತರು. ನಾನು 19 ವರ್ಷದಿಂದ ಆವಕ ಜಾವಕ ರಿಜಿಸ್ಟರು, ಕಡತ ನೋಡ್ಕೊಂಡಿರೋ ಬಿಎ ಓದಿದ ಗುಮಾಸ್ತ. ಎಸೆದ ಕಡತ ಟೇಬಲ್ ಮೇಲೆ ಬೀಳೋ ಶಬ್ದ ನನಗೆ ಗೊತ್ತು. ಹೇಳಿ, ಬರೋಡದಲ್ಲಿ ಬಾಬಾಸಾಹೇಬರು 'ಆಯ್ಕೆ ಆಗದಿರಲು' ಕಾರಣ ಎ-ನಾ, ಬಿ-ನಾ, ಸಿ-ನಾ?

ಬಾಬಾಸಾಹೇಬರು ಅಲ್ಲಿಂದ ಕಲಿತದ್ದು ಬೇರೆ ಪಾಠ. 'ನನ್ನಲ್ಲೇ ದೋಷ' ಅಂತ ಅಂದ್ಕೊಳ್ಳಲಿಲ್ಲ. ದೋಷ ಎಲ್ಲಿದೆ ಅಂತ ಹುಡುಕಿ, ಅದರ ಮೇಲೆ ಬೆರಳಿಟ್ಟು ತೋರಿಸಿದರು. ಚವದಾರ್ ಕೆರೆಯ ನೀರು ಮುಟ್ಟಿದರು. ಕಾನೂನು ಬರೆದರು.

ಇಷ್ಟು ಸಿಟ್ಟು ಯಾಕೆ ಅಂತ ಕೇಳ್ತೀರಾ? ಮೂರನೇ ವಾರದ ಆ ಪರೀಕ್ಷೆ ಮುಗಿಸಿ ನಮ್ಮ ಹುಡುಗ ಒಬ್ಬ ಮೆಲ್ಲಗೆ ಅಂದ: "ಅಣ್ಣ, ಮೂರು ಕಡೆ ಇಂಟರ್‌ವ್ಯೂ ಕೊಟ್ಟೆ, ಆಗಲಿಲ್ಲ. ನನ್ನಲ್ಲೇ ಏನೋ ಕಮ್ಮಿ ಇದೆ ಅಲ್ವಾ?" ಬಿಕಾಂನಲ್ಲಿ 78 ಪರ್ಸೆಂಟ್ ತೆಗೆದ ಹುಡುಗ ಗೆಳೆಯರೇ. ಭಾನುವಾರ ಗಾರೆ ಕೆಲಸಕ್ಕೆ ಹೋಗಿ ಓದಿದ ಹುಡುಗ. ಅವನ ಬಾಯಲ್ಲಿ ಈ ಮಾತು ಬರೋ ಹಾಗೆ ಮಾಡಿದ್ದಕ್ಕೆ 2,400 ರೂಪಾಯಿ. ಈ ಮಾತು ಸಣ್ಣದಲ್ಲ. 2016ರ ಜನವರಿ 17ರಂದು ನಾವು ರೋಹಿತ್ ವೇಮುಲರನ್ನ ಕಳ್ಕೊಂಡೆವು. ತಿಂಗಳುಗಟ್ಟಲೆ ಅವರ ಫೆಲೋಶಿಪ್ ಬಂದಿರಲಿಲ್ಲ. ಅವರಿಗೆ ಗುರಿ ಇರಲಿಲ್ವಾ? ನಮ್ಮ ಮಕ್ಕಳ ಮನಸ್ಸಿನ ಮೇಲೆ ಇನ್ನೊಂದು ಕಲ್ಲು ಹೇರೋಕೆ ಯಾರಿಗೂ ಹಕ್ಕಿಲ್ಲ.

ಕೆಲವರು ಕೇಳ್ತಾರೆ, 'ಹಾಗಾದರೆ ನಮ್ಮ ಮಕ್ಕಳು ಏನೂ ಕಲೀಬಾರದಾ?' ಕಲೀಬೇಕು. ಇಂಗ್ಲಿಷ್, ಕಂಪ್ಯೂಟರ್, ಎಕ್ಸೆಲ್, ಟೈಪಿಂಗ್, ಇ-ಮೇಲ್ ಬರೆಯೋದು ಎಲ್ಲ ಬೇಕು. ಈ ಕೋರ್ಸಿನಲ್ಲೂ ರೆಸ್ಯೂಮೆ ಎರಡು ಪುಟ ದಾಟಬಾರದು, ಅರ್ಜಿಯ ಜೊತೆ ಪತ್ರ ಹೇಗೆ ಬರೀಬೇಕು ಅನ್ನೋ ಪಾಠಗಳು ಚೆನ್ನಾಗಿವೆ. ಅಷ್ಟನ್ನ ನಾನೂ ಮಕ್ಕಳಿಗೆ ಬರೆಸಿದ್ದೀನಿ. ಆದರೆ ಕಲಿಯೋಕೆ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ ಇದೆ. 2017ರಿಂದ ನಡೀತಿದೆ, ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅದು ಇರುವಾಗ ಖಾಸಗಿ ಕಂಪನಿಯ ಲಾಗಿನ್ನನ್ನೇ ಯಾಕೆ ಕಡ್ಡಾಯ ಮಾಡಬೇಕು? ಕೌಶಲ ತಗೊಳ್ಳೋಣ, ಅದರ ಜೊತೆ ಕಟ್ಟಿಕೊಡೋ ಕರ್ಮವನ್ನ ವಾಪಸ್ ಕೊಡೋಣ.

ಇದರಿಂದ ಲಾಭ ಯಾರಿಗೆ ಅಂತಾನೂ ನೋಡಿ. ಕೊನೇ ವಾರದ ಪಾಠದಲ್ಲಿ 'ಸರ್ಕಾರಿ ಕೆಲಸದ ಕನಸು ಬಿಡಿ, ಮಾರುಕಟ್ಟೆಗೆ ತಕ್ಕ ಹಾಗೆ ಬದಲಾಗಿ' ಅಂತ ಹೇಳ್ತಾರೆ. ಸಂವಿಧಾನದ 16(4) ಅನ್ವಯ ಆಗೋದು ಸರ್ಕಾರಿ ಹುದ್ದೆಗೆ. ಖಾಸಗಿಯಲ್ಲಿ ಮೀಸಲಾತಿ ಇಲ್ಲ. ಹುದ್ದೆಗಳನ್ನ ಖಾಲಿ ಬಿಟ್ಟು, ಡಿ ಗ್ರೂಪ್ ಕೆಲಸಾನ ಹೊರಗುತ್ತಿಗೆಗೆ ಕೊಟ್ಟು, ನಮ್ಮ ಮಕ್ಕಳಿಗೆ 'ಬದಲಾಗಿ' ಅಂದರೆ ಅದು ಸಲಹೆ ಅಲ್ಲ, ಬಾಗಿಲು ಹಾಕೋದು. ಹೊರಗುತ್ತಿಗೆಯಲ್ಲೂ ಮೀಸಲಾತಿ ಕೊಡಬೇಕು ಅಂತ 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಆದೇಶ ಮಾಡಿದೆ. ನಿಮ್ಮ ತಾಲೂಕಿನ ಕಚೇರಿಗಳಿಗೆ ಜನ ಕೊಡೋ ಏಜೆನ್ಸಿಗಳು ಅದನ್ನ ಪಾಲಿಸ್ತಿವೆಯಾ ಅಂತ ಹೋಗಿ ಕೇಳಿ. ನನ್ನ ಪ್ರಕಾರ ಅದು ವೃತ್ತಿ ಯಶಸ್ಸಿನ ಮೊದಲ ಪಾಠ.

ಈಗ ಮಾಡಬೇಕಾದ ಕೆಲಸ.

ಒಂದು. ನಿಮ್ಮ ಕಾಲೇಜಿನಲ್ಲೂ ಇಂಥ ಕೋರ್ಸಿಗೆ ದುಡ್ಡು ಕೇಳಿದರೆ, ಕಡ್ಡಾಯ ಅನ್ನೋದಕ್ಕೆ ಲಿಖಿತ ಆದೇಶದ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಪೋಸ್ಟಲ್ ಆರ್ಡರ್. ಬಿಪಿಎಲ್ ಕುಟುಂಬಕ್ಕೆ ಅದೂ ಬೇಡ. 30 ದಿನದಲ್ಲಿ ಉತ್ತರ ಕೊಡಬೇಕು. ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ ಅಲ್ಲಿಗೇ ಹಾಕಿ, ಖಾಸಗಿಯಾದರೆ ವಿಶ್ವವಿದ್ಯಾಲಯಕ್ಕೆ ಹಾಕಿ. ಅರ್ಜಿ ಬರೆಯೋಕೆ ಬರದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ನಾನು ಬರೆದು ಕೊಡ್ತೀನಿ. ಗುಮಾಸ್ತನಿಗೆ ಬೇರೆ ಏನು ಬರದಿದ್ದರೂ ಅರ್ಜಿ ಬರುತ್ತೆ.

ಎರಡು. ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣದ ಮೇಲೆ ಕಣ್ಣಿಡಿ. 2013ರ ಕಾಯ್ದೆಯಲ್ಲಿ ನಮ್ಮ ಹಣ ಬೇರೆ ಕಡೆ ಹರಿಯೋಕೆ ದಾರಿ ಮಾಡಿದ್ದ 7(ಡಿ) ಕಲಂ ತೆಗೆಸೋಕೆ 2023ರವರೆಗೆ ಬೀದಿಯಲ್ಲಿ ಕೂಗಬೇಕಾಯ್ತು. ನಾಳೆ 'ದಲಿತ ಯುವಜನರ ಕೌಶಲಾಭಿವೃದ್ಧಿ' ಅನ್ನೋ ಹೆಸರಲ್ಲಿ ಇದೇ ವಿಡಿಯೋಗಳನ್ನ ನಮ್ಮ ಹಣಕ್ಕೇ ಮಾರೋಕೆ ಬಂದರೆ ಅಲ್ಲೇ ತಡೀಬೇಕು. ಆ ಹಣ ಹಾಸ್ಟೆಲ್‌ಗೆ ಹೋಗಲಿ, ಗ್ರಂಥಾಲಯಕ್ಕೆ ಹೋಗಲಿ.

ಮೂರು. ನಮ್ಮದೇ ಕೋರ್ಸು ಶುರು ಮಾಡಿದ್ದೀವಿ. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ, ನಮ್ಮೂರ ಅಂಬೇಡ್ಕರ್ ಭವನದಲ್ಲಿ, ಪುಕ್ಕಟೆ. ಪಠ್ಯ ಇದು: ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕೋದು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ ಹೆಸರು ತಾಳೆ ಆಗುತ್ತಾ ನೋಡೋದು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಪರೀಕ್ಷೆ ಮಾಡೋದು, ಯಾಕಂದ್ರೆ ಅಲ್ಲೇ ನಮ್ಮ ಮಕ್ಕಳ ದುಡ್ಡು ನಿಂತುಬಿಡುತ್ತೆ. ಸಿಂಧುತ್ವ ಪ್ರಮಾಣಪತ್ರಕ್ಕೆ ಯಾವ ದಾಖಲೆ ಬೇಕು ಅನ್ನೋದು. ರೋಸ್ಟರ್ ಓದೋದು. ಬ್ಯಾಕ್‌ಲಾಗ್ ಹುದ್ದೆ ಅಂದ್ರೆ ಏನು. ಸಂದರ್ಶನದಲ್ಲಿ 'ಯಾವ ಪೈಕಿ' ಅಂದರೆ ತಲೆ ಎತ್ತಿ ಉತ್ತರ ಕೊಡೋದು ಹೇಗೆ, ಆಮೇಲೆ ಅದನ್ನ ಬರೆದಿಟ್ಟು ದೂರು ಕೊಡೋದು ಹೇಗೆ. ಪೌರಕಾರ್ಮಿಕರ ಮಗಳು ಈಗಾಗಲೇ ಹಾಸ್ಟೆಲ್ ಅರ್ಜಿ ತುಂಬಿದ್ದಾಳೆ. ಬಿಕಾಂ ಹುಡುಗ ಈ ವಾರ ಬೇರೆಯವರಿಗೆ ಎಕ್ಸೆಲ್ ಹೇಳಿಕೊಡ್ತಾನೆ.

ಸರ್ಟಿಫಿಕೇಟ್ ಕೊಡಲ್ಲ. ಮಧ್ಯಾಹ್ನ ಊಟ ಇದೆ. ನಿಮ್ಮ ಊರಲ್ಲೂ ಮಾಡಿ, ಪಠ್ಯ ಕಳಿಸ್ತೀನಿ.

ಶಿಕ್ಷಣ, ಸಂಘಟನೆ, ಹೋರಾಟ. ಬಾಬಾಸಾಹೇಬರು ಬರೀ ಶಿಕ್ಷಣ ಅಂದು ನಿಲ್ಲಿಸಲಿಲ್ಲ. ಮೂರೂ ಒಟ್ಟಿಗೆ ಹೇಳಿದರು.

ಜೈ ಭೀಮ್.