ಎರರ್ ಬಂತು ಅಂದ್ರೆ ನಮ್ಮ ಮಕ್ಕಳು ದಡ್ಡರು ಅಂತಲ್ಲ



ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ. ಮನೆಯಲ್ಲಿ ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಓದೋ ಮಕ್ಕಳಿದ್ದರೆ ಅವರಿಗೂ ಓದಿಸಿ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ನಮ್ಮ ಮಕ್ಕಳು ಈಗ ಪೈಥಾನ್ ಕಲೀತಿದ್ದಾರೆ. ಅದರಲ್ಲಿ ಲೆಕ್ಕದ ಕೆಲಸ ಮಾಡೋಕೆ ನಂಪೈ, ಸೈಪೈ, ಪಾಂಡಾಸ್ ಅನ್ನೋ ಲೈಬ್ರರಿಗಳು ಬೇಕು. ಎಲ್ಲಾ ಓಪನ್ ಸೋರ್ಸ್, ಒಂದು ರೂಪಾಯಿ ಕೊಡಬೇಕಿಲ್ಲ. ಆದರೆ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕೋಕೆ ಹೋದರೆ ಪರದೆ ತುಂಬ ಕೆಂಪಕ್ಷರ, ಇಂಗ್ಲಿಷಿನಲ್ಲಿ ಐವತ್ತು ಸಾಲು. "ಅಣ್ಣಾ, ಇದು ನಮ್ಮಂಥೋರಿಗೆ ಬರಂಗಿಲ್ಲ ಬಿಡು" ಅಂತ ಮುಚ್ಚಿಡ್ತಾರೆ. ಈ ಮಾತು ನಾನು ಒಬ್ಬರ ಬಾಯಲ್ಲಿ ಕೇಳಿದ್ದಲ್ಲ.

ಇವತ್ತು ನಾನು ಹೇಳೋದು ಇಷ್ಟೇ. ಆ ಕೆಂಪಕ್ಷರ ನಿಮ್ಮ ಬುದ್ಧಿಯ ಮೇಲೆ ಕೊಟ್ಟ ತೀರ್ಪಲ್ಲ. ಅದನ್ನ ಬಿಡಿಸೋ ವಿದ್ಯೆ ಕನ್ನಡದಲ್ಲಿ, ನಮ್ಮ ಹಾಸ್ಟೆಲುಗಳಲ್ಲಿ ಸಿಗಬೇಕು. ಅಲ್ಲಿವರೆಗೂ 'ಓಪನ್' ಅನ್ನೋದು ಕಾಗದದ ಮೇಲಿನ ಮಾತು.

ಕಾಗದದ ಮೇಲೆ ತೆರೆದಿರೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ಬಾಂಬೆ ವಿಧಾನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಆದರೆ ಮಹಾಡಿನ ಚವದಾರ್ ಕೆರೆಯ ನೀರು ಕುಡಿಯೋಕೆ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರನ್ನ ಕರ್ಕೊಂಡು ಮೆಟ್ಟಿಲು ಇಳಿಯಬೇಕಾಯ್ತು. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಇಲ್ಲಿ ಯಾರೂ ದೊಣ್ಣೆ ಹಿಡಿದು ನಿಂತಿಲ್ಲ. ನಂಪೈ ಬರೆದವರು ಜಾತಿ ನೋಡಿ ಕೊಡ್ತಿಲ್ಲ, ಅವರಿಗೆ ನಮ್ಮ ಸಲಾಮು. ಆದರೆ ಮೆಟ್ಟಿಲು ಇಲ್ಲದ ಕೆರೆ ಬಾಯಾರಿದವನಿಗೆ ದೂರವೇ.

ಈಗ ವಿಷಯಕ್ಕೆ ಬರೋಣ. ಹೆಚ್ಚಾಗಿ ಕಾಡೋವು ಮೂರ್ನಾಲ್ಕು ತೊಂದರೆ ಮಾತ್ರ.

ಮೊದಲನೇದು, "ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಬೇಕು" ಅನ್ನೋ ಎರರ್. ಸಿರುಗುಪ್ಪದವರಿಗೆ ಇದು ಒಂದೇ ಮಾತಲ್ಲಿ ಅರ್ಥ ಆಗ್ತದೆ. ನಂಪೈ ಎರಡು ರೂಪದಲ್ಲಿ ಸಿಗ್ತದೆ, ಅಕ್ಕಿ ಮತ್ತು ಭತ್ತ. ಅಕ್ಕಿಗೆ ಅವರು 'ವ್ಹೀಲ್' ಅಂತಾರೆ, ಭತ್ತಕ್ಕೆ 'ಸೋರ್ಸ್'. ನಿಮ್ಮ ಪೈಥಾನ್ ವರ್ಷನ್ನಿಗೆ, ನಿಮ್ಮ ವಿಂಡೋಸಿಗೆ ಹೊಂದೋ ಅಕ್ಕಿ ಸಿಗದಿದ್ದರೆ ಪಿಪ್ ಭತ್ತ ತಂದು ಸುರೀತದೆ. ಗಿರಣಿ ಎಲ್ಲಿ ಅಂತ ಕೇಳ್ತದೆ. ವಿಷುಯಲ್ ಸಿ++ ಅಂದ್ರೆ ಆ ಗಿರಣಿ. ಅದನ್ನ ಹಾಕ್ಕೊಳ್ಳೋಕೆ ಹೋಗಬೇಡಿ, ಕೆಲವು ಜಿಬಿ ಡೇಟಾ ತಿಂತದೆ. ಅಕ್ಕಿ ಸಿಗೋ ವರ್ಷನ್ ಹುಡುಕಿ. ವಿಂಡೋಸ್ 7 ಇದ್ದರೆ ಅದರ ಮೇಲೆ ನಡೆಯೋ ಕೊನೇ ಪೈಥಾನ್ 3.8, ಅದಕ್ಕೆ ಹೊಂದೋ ಕೊನೇ ನಂಪೈ 1.24.4. ಇದರ ಉಲ್ಟಾನೂ ಆಗ್ತದೆ. ಲ್ಯಾಬ್ ಕೈಪಿಡಿಯಲ್ಲಿ ಯಾವುದೋ ಹಳೇ ನಂಪೈ ನಂಬರ್ ಇರ್ತದೆ, ಹುಡುಗಿಯ ಹತ್ತಿರ ಹೊಸ ಪೈಥಾನ್ ಇರ್ತದೆ. ಆ ಜೋಡಿಗೆ ಅಕ್ಕಿ ಇರೋದಿಲ್ಲ. ತಪ್ಪು ಹುಡುಗಿಯದಲ್ಲ, ಕೈಪಿಡಿಯದು.

ಎರಡನೇದು, ಹಾಕಿದ ಮೇಲೂ "ನಂಪೈ ಅನ್ನೋ ಮಾಡ್ಯೂಲ್ ಇಲ್ಲ" ಅನ್ನೋದು. ಬಹಳ ಸಲ ಮಷಿನ್ನಿನಲ್ಲಿ ಎರಡು ಪೈಥಾನ್ ಇರ್ತವೆ. ಒಂದಕ್ಕೆ ಹಾಕಿ ಇನ್ನೊಂದನ್ನ ಓಡಿಸ್ತೀವಿ. ಬರೀ 'ಪಿಪ್' ಅನ್ನೋ ಬದಲು 'ಪೈಥಾನ್ -ಎಮ್ ಪಿಪ್' ಅಂತ ಶುರು ಮಾಡಿ, ಯಾವ ಪೈಥಾನ್ ಓಡಿಸ್ತೀರೋ ಅದಕ್ಕೇ ಹೋಗಿ ಕೂರ್ತದೆ. ಇನ್ನೊಂದು ಮಾತು, ನಿಮ್ಮ ಸ್ವಂತ ಫೈಲಿಗೆ 'ನಂಪೈ' ಅಂತ ಹೆಸರಿಡಬೇಡಿ. ಪೈಥಾನ್ ಅಸಲಿ ನಂಪೈ ಬಿಟ್ಟು ನಿಮ್ಮ ಫೈಲನ್ನೇ ತೆಗೀತದೆ.

ಮೂರನೇದು, ನಿನ್ನೆ ನಡೀತಿದ್ದ ಪ್ರೋಗ್ರಾಂ ಇವತ್ತು ನಿಂತು ಹೋಗೋದು. 2024ರ ಜೂನ್‌ನಲ್ಲಿ ನಂಪೈ 2.0 ಬಂತು. 1.x ಕಾಲಕ್ಕೆ ಕಟ್ಟಿದ ಎಷ್ಟೋ ಲೈಬ್ರರಿಗಳು ಅದರ ಜತೆ ಕೂಡಲಿಲ್ಲ. ಆ ಲೈಬ್ರರಿಯ ಹೊಸ ವರ್ಷನ್ ಹಾಕಿ, ಇಲ್ಲಾಂದ್ರೆ ನಂಪೈಯನ್ನ 2ಕ್ಕಿಂತ ಕೆಳಗಿನದ್ದಕ್ಕೆ ಇಳಿಸಿ.

ಈ ಮೂರೂ ಕೂಗಿ ಹೇಳ್ತವೆ. ನಾಲ್ಕನೇದು ಬಾಯಿ ಬಿಡೋದೇ ಇಲ್ಲ, ನನಗೆ ಅದರ ಭಯ ಜಾಸ್ತಿ. ವಿಂಡೋಸಿನಲ್ಲಿ 2.0ಕ್ಕಿಂತ ಹಿಂದಿನ ನಂಪೈ ಪೂರ್ಣಾಂಕಗಳನ್ನ 32 ಬಿಟ್ಟಿನಲ್ಲಿ ಇಡ್ತದೆ. ಅದರ ಮಿತಿ 214 ಕೋಟಿ ಚಿಲ್ಲರೆ. 200 ಕೋಟಿ, 200 ಕೋಟಿ ಎರಡನ್ನ ಅರೇಯಲ್ಲಿಟ್ಟು ಕೂಡಿಸಿ ನೋಡಿ. 400 ಕೋಟಿ ಬರೋದಿಲ್ಲ. ಮೈನಸ್ 29,49,67,296 ಅಂತ ಬರ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅರೇ ಮಾಡುವಾಗಲೇ ಡಿಟೈಪ್ 'ಇಂಟ್64' ಅಂತ ಕೊಟ್ಟರೆ ಸರಿ ಹೋಗ್ತದೆ. ಗೊತ್ತಿರಬೇಕಷ್ಟೇ.

200 ಕೋಟಿ ಲೆಕ್ಕ ನಮಗ್ಯಾಕೆ ಅಂತೀರಾ? ನಮಗೇ ಬೇಕು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಯಾವ ಇಲಾಖೆಯಲ್ಲಿ ಎಷ್ಟು ಖರ್ಚಾಯ್ತು, ಎಷ್ಟು ಬೇರೆ ಕಡೆ ಹರೀತು ಅಂತ ಕೇಳೋರು ನಾವು. 7ಡಿ ಕಲಂ ತೆಗೀರಿ ಅಂತ ಬೀದಿಯಲ್ಲಿ ಕೂಗಿದವರು ನಾವು. ಗಣಿ ಜಿಲ್ಲೆ ನಮ್ಮದು, ಡಿಎಂಎಫ್ ಹಣ ಯಾವ ಊರಿಗೆ ಬಂತು ಅಂತ ಲೆಕ್ಕ ಹಾಕಬೇಕಾದವರೂ ನಾವೇ. ಇವೆಲ್ಲ ಕೋಟಿಗಳ ಲೆಕ್ಕ. ಧರಣಿಗೆ ಕೂತಾಗ ಅಧಿಕಾರಿ ಒಂದು ಅಂಕಿ ಓದ್ತಾನೆ, ನಾವು ತಲೆಯಾಡಿಸಿ ಎದ್ದು ಬರ್ತೀವಿ. ನಮ್ಮ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಅದನ್ನೇ ತಾಲೂಕುವಾರು ತೆಗೆದು ತೋರಿಸೋ ಹಂಗಿರಬೇಕು. ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತು ಪುಸ್ತಕ ತಂದ ಅರ್ಥಶಾಸ್ತ್ರಜ್ಞ ಅನ್ನೋದನ್ನ ಜಯಂತಿ ದಿನ ಮಾತ್ರ ನೆನೆಸೋದು ಬೇಡ.

"ಕಷ್ಟ ಯಾಕೆ, ಗೂಗಲ್ ಕೊಲಾಬ್‌ನಲ್ಲಿ ಮಾಡ್ಲಿ, ಏನೂ ಹಾಕೋದೇ ಬೇಡ" ಅಂತಾರೆ ಕೆಲವರು. ಒಪ್ತೀನಿ, ಇವತ್ತಿನ ಅಸೈನ್‌ಮೆಂಟಿಗೆ ಅದೂ ದಾರಿ. ಆದರೆ ನೆಟ್ ಇದ್ದರೆ ಮಾತ್ರ ನಡಿಯೋ ವಿದ್ಯೆ, ರೀಚಾರ್ಜ್ ಮುಗಿದ ದಿನ ನಿಲ್ತದೆ. ಸ್ವಂತ ಮಷಿನ್ ರಿಪೇರಿ ಮಾಡ್ಕೊಳ್ಳೋಕೆ ಬಂದವರಿಗೆ ನಾಳೆ ಕೆಲಸದಲ್ಲೂ ಧೈರ್ಯ ಇರ್ತದೆ.

ಹಂಗಾದ್ರೆ ಏನು ಮಾಡೋಣ?

ಒಂದು, ಪ್ರತಿ ಹಾಸ್ಟೆಲಿಗೆ ಒಂದು ಪೆನ್‌ಡ್ರೈವ್. ನೆಟ್ ಚೆನ್ನಾಗಿರೋ ಕಡೆ 'ಪಿಪ್ ಡೌನ್‌ಲೋಡ್' ಕೊಟ್ಟರೆ ನಂಪೈ, ಸೈಪೈ, ಪಾಂಡಾಸ್ ಎಲ್ಲಾ ಒಂದು ಫೋಲ್ಡರಿಗೆ ಬೀಳ್ತವೆ. ಅದೇ ವಿಂಡೋಸ್, ಅದೇ ಪೈಥಾನ್ ಇರೋ ಎಷ್ಟು ಲ್ಯಾಪ್‌ಟಾಪಿಗಾದರೂ ನೆಟ್ ಇಲ್ಲದೆ ಹಾಕಬಹುದು. ಒಬ್ಬರ ಡೇಟಾ, ನಲವತ್ತು ಮಕ್ಕಳಿಗೆ.

ಎರಡು, ಒಂದು ನೋಟ್‌ಬುಕ್. ಬಂದ ಎರರ್‌ನ ಕೊನೇ ಸಾಲು ಎಡಗಡೆ, ಅದು ಹೋದದ್ದು ಹೆಂಗೆ ಅಂತ ಕನ್ನಡದಲ್ಲಿ ಬಲಗಡೆ. ಕೊನೇ ಸಾಲಿನಿಂದ ಮೇಲಕ್ಕೆ ಓದೋದೇ ಈ ವಿದ್ಯೆಯ ಅರ್ಧ. ಸೀನಿಯರ್ ಹೋದರೂ ಪುಸ್ತಕ ಉಳೀತದೆ.

ಮೂರು, ಇಲಾಖೆಗೆ ನಮ್ಮ ಬೇಡಿಕೆ. ಲ್ಯಾಪ್‌ಟಾಪ್ ಹಂಚಿ ಫೋಟೋ ತೆಗೆಸಿಕೊಂಡರೆ ಮುಗೀಲಿಲ್ಲ. ವಾರಕ್ಕೊಂದು ದಿನ ಹಾಸ್ಟೆಲಿಗೆ ಬಂದು ಕೂತು ಬಿಡಿಸಿಕೊಡೋ ಒಬ್ಬರು ಬೇಕು. ಇದು ಆಗದ ಕೆಲಸ ಅಲ್ಲ. ಬೆಂಗಳೂರಿನ ಸ್ಲಮ್ ಒಂದರಲ್ಲಿ ಫ್ರೀ ಸಾಫ್ಟ್‌ವೇರ್ ಕಾರ್ಯಕರ್ತರು ಅಂಬೇಡ್ಕರ್ ಹೆಸರಲ್ಲೇ ಕಂಪ್ಯೂಟರ್ ಕೇಂದ್ರ ಕಟ್ಟಿ ಮಕ್ಕಳಿಗೆ ಕಲಿಸಿದ್ದಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹಲವು ಪಾಠಗಳನ್ನ ಕನ್ನಡ ದನಿಯಲ್ಲಿ ಬಿಟ್ಟಿ ಕೊಡ್ತದೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಐಟಿ ಕೆಲಸ ಮಾಡ್ತಿರೋ, ಇಲ್ಲಿಂದ ಬೆಂಗಳೂರಿಗೆ ಹೋಗಿರೋ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಊರಿಗೆ ಬಂದಾಗ ಒಂದು ಭಾನುವಾರ ಕೊಡಿ. ಹಾಸ್ಟೆಲ್ ಮಾತಾಡೋದು, ಪೆನ್‌ಡ್ರೈವ್ ತರೋದು ನಮ್ಮ ಕೆಲಸ. ಬರೋಕೆ ಆಗೋರು ಕೆಳಗೆ ಕಾಮೆಂಟಿನಲ್ಲಿ ಊರ ಹೆಸರು ಹಾಕಿ.

ಮಕ್ಕಳೇ, ನಿಮಗೊಂದು ಮಾತು. ಕೆಂಪಕ್ಷರ ಬಂದರೆ ಲ್ಯಾಪ್‌ಟಾಪ್ ಮುಚ್ಚಬೇಡಿ. ಕೊನೇ ಸಾಲು ಓದಿ, ಫೋಟೋ ತೆಗೆದು ಕಳಿಸಿ.

ಜೈ ಭೀಮ್.